ಬ್ರೌಸರಿನ ಎಕ್ಸ್‌ಟೆನ್ಷನ್‌ಗಳು: ತಾವಾಗಿ ಅಪ್‌ಡೇಟ್ ಆಗಲಿ, ಆದರೆ ಎಷ್ಟಿವೆ ಎಂಬುದು ತಿಳಿದಿರಲಿ

ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕಾಫಿ ಗಿಡದ ಚಿಗುರು ತೆಗೆಯುವ ಕಾಲ, ಬೋರ್ಡೋ ದ್ರಾವಣದ ಪ್ರಮಾಣ, ಕಾಳುಮೆಣಸಿನ ಸೊರಗು ರೋಗ, ಅಡಕೆಯ ಧಾರಣೆ ಮುಂತಾದ ವಿಷಯಗಳನ್ನು ಪ್ರಸ್ತಾಪಿಸುತ್ತೇವೆ. ಈ ಸಲ ಕಂಪ್ಯೂಟರಿನ ಬ್ರೌಸರಿಗೆ ಸಂಬಂಧಿಸಿದ ಸಂಗತಿಯೊಂದನ್ನು ಬರೆಯಲು ಹೊರಟಿರುವುದು ಹಿರಿಯ ಸದಸ್ಯರು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಬ್ಯಾಂಕಿನ ಖಾತೆ, ಪಹಣಿ, ಜಿ.ಎಸ್.ಟಿ. ರಿಟರ್ನು, ವಿಮೆಯ ಅರ್ಜಿ ಎಲ್ಲವೂ ಬ್ರೌಸರ್ ಎಂಬ ಒಂದೇ ಬಾಗಿಲಿನ ಮೂಲಕ ನಡೆಯುತ್ತಿರುವ ಈ ದಿನಗಳಲ್ಲಿ, ಆ ಬಾಗಿಲ ಚಿಲಕ ಸರಿಯಿದೆಯೇ ಎಂದು ನೋಡುವುದೂ ಸಂಘದ ಕೆಲಸವೇ ಎಂದು ನಾವು ಭಾವಿಸಿದ್ದೇವೆ.

ನಮ್ಮ ಸದಸ್ಯರ ಮನೆಗಳಲ್ಲಿ ಬಹಳಷ್ಟಕ್ಕೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಒಂದು ಕೊಂಡಿ ಇದ್ದೇ ಇದೆ. ಚಿಕ್ಕಮಗಳೂರು, ಹಾಸನದ ಬಸ್ಸು ನೆಲಮಂಗಲ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದರೆ ರಾಜಾಜಿನಗರ, ಬಸವೇಶ್ವರನಗರಗಳು ಹತ್ತಿರ. ಕೊಡಗಿನ ಬಸ್ಸು ಮೈಸೂರು ರಸ್ತೆಯಲ್ಲಿ ಬಂದರೆ ಮೊದಲು ಸಿಗುವುದು ಕೆಂಗೇರಿ, ಅನಂತರ ವಿಜಯನಗರದ ತಿರುವು. ಓದಲು ಹೋದ ಮಕ್ಕಳು ಬಸ್ಸಿಗೆ ಹತ್ತಿರವೆಂದು ಅಲ್ಲಿ ರೂಮು ಹಿಡಿದರು, ಕೆಲಸ ಸಿಕ್ಕ ಮೇಲೆ ಅಲ್ಲೇ ಮನೆ ಮಾಡಿದರು. 2021ರ ಆಗಸ್ಟಿನಲ್ಲಿ ಮೆಟ್ರೊ ರೈಲು ಕೆಂಗೇರಿಗೆ ಬಂದ ಮೇಲಂತೂ ಆ ಕಡೆ ಮನೆ ಹುಡುಕುವವರು ಇನ್ನೂ ಹೆಚ್ಚಿದ್ದಾರೆ. ಈಗ ಊರಿನಲ್ಲಿ ಅಪ್ಪ ತೋಟ ನೋಡಿಕೊಂಡರೆ, ವಿಜಯನಗರದ ಮಗನೋ ಬಸವೇಶ್ವರನಗರದ ಮಗಳೋ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ತೋಟದ ಲೆಕ್ಕ ನೋಡುತ್ತಾರೆ. ಕೊಯ್ಲಿನ ಕಾಲದಲ್ಲಿ ಆಳುಗಳ ಬಟವಾಡೆಯ ಹಣ ಎಷ್ಟೋ ಮನೆಗಳಲ್ಲಿ ಬೆಂಗಳೂರಿನಿಂದಲೇ ವರ್ಗಾವಣೆಯಾಗುತ್ತದೆ. ಹಿಂದೆ ಎಸ್ಟೇಟಿನ ರೈಟರು ಮಾಡುತ್ತಿದ್ದ ಅರ್ಧ ಕೆಲಸ ಹೀಗೆ ಊರು ಬಿಟ್ಟು ಹೋಗಿದೆ.

ಕಳೆದ ಕೊಯ್ಲಿನ ಸಮಯದಲ್ಲಿ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ತಮ್ಮ ಕಂಪ್ಯೂಟರಿನಲ್ಲಿ ಬ್ಯಾಂಕಿನ ಹೆಸರು ಹಾಕಿ ಹುಡುಕಿದರೆ ಎಂದೂ ಕಾಣದ ಯಾವುದೋ ಪುಟ ನಡುವೆ ಬರುತ್ತದೆ, ಅದರ ತುಂಬ ಜಾಹೀರಾತು ಇದೆ ಎಂದು ತಿಳಿಸಿದರು. "ಮಾರಾಯ್ರೆ, ನಾನು ಏನನ್ನೂ ಮುಟ್ಟಿಲ್ಲ, ಏನನ್ನೂ ಹಾಕಿಲ್ಲ" ಎಂಬುದು ಅವರ ಮಾತು. ಅದು ನಿಜವೇ ಆಗಿತ್ತು. ವಿಜಯನಗರದಲ್ಲಿರುವ ಮಗಳ ಮನೆಗೆ ದಸರೆಗೆ ಹೋಗಿದ್ದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಅವರು ತಮ್ಮ ಗೂಗಲ್ ಖಾತೆಯನ್ನು ತೆರೆದಿದ್ದರು. ಆ ಖಾತೆ ಹಾಗೆಯೇ ತೆರೆದುಕೊಂಡಿತ್ತು. ಮೊಮ್ಮಗ ವಿಡಿಯೊ ಇಳಿಸಿಕೊಳ್ಳುವುದಕ್ಕೆಂದು ಒಂದು ಎಕ್ಸ್‌ಟೆನ್ಷನ್ ಹಾಕಿದ. ಅದು ತಾತನ ಖಾತೆಯ ಮೂಲಕ ತೋಟದ ಮನೆಯ ಕಂಪ್ಯೂಟರಿಗೂ ಬಂದು ಕುಳಿತಿತು. ಹಣವೇನೂ ಹೋಗಲಿಲ್ಲ. ಆದರೆ ಎರಡೂ ಕಡೆ ಅದನ್ನು ತೆಗೆದು, ಬ್ಯಾಂಕಿನದೂ ಸೇರಿದಂತೆ ಎಲ್ಲ ಪಾಸ್‌ವರ್ಡುಗಳನ್ನು ಬದಲಿಸುವಷ್ಟರಲ್ಲಿ ಎರಡು ದಿನ ಹಿಡಿಯಿತು, ಆ ವಾರದ ಬಟವಾಡೆ ತಡವಾಯಿತು.

ಈ ಪ್ರಕರಣದ ಅನಂತರ ಹಲವು ಸದಸ್ಯರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: ಈ ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವಂತೆ, ಅದನ್ನು ನಿಲ್ಲಿಸಿಬಿಡುವುದು ಕ್ಷೇಮವಲ್ಲವೇ? ನಿಲ್ಲಿಸಬಾರದು ಎಂಬುದೇ ನಮ್ಮ ಉತ್ತರ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಎಕ್ಸ್‌ಟೆನ್ಷನ್ ಎಂದರೆ ಏನು?

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮುಂತಾದ ಬ್ರೌಸರುಗಳೊಳಗೆ ನಾವು ಬೇಕೆಂದಾಗ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಕ್ಕೆ ಎಕ್ಸ್‌ಟೆನ್ಷನ್ ಎಂದು ಹೆಸರು. ಫೈರ್‌ಫಾಕ್ಸಿನವರು ಆಡ್-ಆನ್ ಎಂದೂ ಕರೆಯುತ್ತಾರೆ. ಜಾಹೀರಾತುಗಳನ್ನು ತಡೆಯುವುದು, ಇಂಗ್ಲಿಷ್ ಬರವಣಿಗೆಯ ತಪ್ಪು ತಿದ್ದುವುದು, ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಳ್ಳುವುದು, ಗೂಗಲ್ ಇನ್‌ಪುಟ್ ಟೂಲ್ಸ್‌ನಂತೆ ಕನ್ನಡದಲ್ಲಿ ಬೆರಳಚ್ಚಿಸಲು ನೆರವಾಗುವುದು, ಡಿಜಿಟಲ್ ಸಹಿ ಹಾಕುವುದು ಇವೆಲ್ಲ ಇದರಲ್ಲಿ ಬರುತ್ತವೆ. ನಮ್ಮಲ್ಲಿ ಅನೇಕರು ಬಳಸುವ ನುಡಿ ಮತ್ತು ಬರಹ ಈ ಜಾತಿಗೆ ಸೇರಿದವಲ್ಲ. ಅವು ಕಂಪ್ಯೂಟರಿಗೇ ನೇರವಾಗಿ ಹಾಕುವ ತಂತ್ರಾಂಶಗಳು. ಇಲ್ಲಿ ಹೇಳುವ ಮಾತು ಅವಕ್ಕೆ ಅನ್ವಯಿಸುವುದಿಲ್ಲ.

ಎಕ್ಸ್‌ಟೆನ್ಷನ್ ಸಣ್ಣದಾದರೂ ಅದಕ್ಕೆ ಸಿಗುವ ಅಧಿಕಾರ ಸಣ್ಣದಲ್ಲ. ಹಾಕುವಾಗ ಬ್ರೌಸರು ಒಂದು ಅಪ್ಪಣೆ ಕೇಳುತ್ತದೆ. ಅನೇಕ ಎಕ್ಸ್‌ಟೆನ್ಷನ್‌ಗಳ ವಿಷಯದಲ್ಲಿ ಆ ಅಪ್ಪಣೆ, ನೀವು ತೆರೆಯುವ ಎಲ್ಲ ಜಾಲತಾಣಗಳಲ್ಲಿನ ಮಾಹಿತಿಯನ್ನು ಓದುವುದಕ್ಕೂ ಬದಲಿಸುವುದಕ್ಕೂ ಸಂಬಂಧಿಸಿದ್ದು. ಎಲ್ಲ ಜಾಲತಾಣ ಎಂದರೆ ಬ್ಯಾಂಕಿನದೂ ಸೇರಿತು. ಕೊನೆ ಇಳಿಸಲು ಬಂದವನಿಗೆ ತೋಟದ ಗೇಟಿನ ಕೀಲಿಯ ಜೊತೆಗೆ ಮನೆಯ ಬೀರುವಿನ ಕೀಲಿಯನ್ನೂ ಕೊಟ್ಟ ಹಾಗೆ. ಬಂದವನು ಒಳ್ಳೆಯವನೇ ಇರಬಹುದು, ಬಹುಪಾಲು ಒಳ್ಳೆಯವರೇ ಇರುತ್ತಾರೆ. ಆದರೆ ಕೀಲಿ ಅವನ ಕೈಯಲ್ಲಿದೆ ಎಂಬುದನ್ನು ಮನೆಯ ಯಜಮಾನ ಮರೆಯುವಂತಿಲ್ಲ.

ತಾನಾಗಿ ಅಪ್‌ಡೇಟ್ ಆಗುವುದರ ಲಾಭ

ಮನುಷ್ಯರು ಬರೆದ ತಂತ್ರಾಂಶದಲ್ಲಿ ತಪ್ಪು ಇದ್ದೇ ಇರುತ್ತದೆ. ಇವತ್ತು ಕಾಣದ ಬಿರುಕು ನಾಳೆ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. 2018ರ ಫೆಬ್ರವರಿಯಲ್ಲಿ ಗ್ರಾಮರ್ಲಿ ಎಂಬ, ಇಂಗ್ಲಿಷ್ ತಿದ್ದುವ ಎಕ್ಸ್‌ಟೆನ್ಷನ್ನಿನಲ್ಲಿ ಇಂತಹ ಒಂದು ಬಿರುಕನ್ನು ಗೂಗಲ್ ಸಂಸ್ಥೆಯ ಪ್ರಾಜೆಕ್ಟ್ ಝೀರೊ ತಂಡದವರು ಪತ್ತೆ ಹಚ್ಚಿದರು. ಬಳಕೆದಾರರು ತೆರೆದ ಯಾವುದೇ ಜಾಲತಾಣವು ಅವರ ಗ್ರಾಮರ್ಲಿ ಖಾತೆಯೊಳಗೆ ನುಗ್ಗಿ, ಅಲ್ಲಿಟ್ಟ ಬರಹಗಳನ್ನೆಲ್ಲ ನೋಡಲು ಸಾಧ್ಯವಿತ್ತು. ಸುಮಾರು 2.2 ಕೋಟಿ ಜನ ಅದನ್ನು ಬಳಸುತ್ತಿದ್ದರು. ವಾರಾಂತ್ಯ ಕಳೆಯುವುದರೊಳಗೆ ಕಂಪನಿಯವರು ಸರಿಪಡಿಸಿದ ಆವೃತ್ತಿಯನ್ನು ಬಿಟ್ಟರು; ಅದು ತಾನಾಗಿಯೇ ಎಲ್ಲರ ಬ್ರೌಸರಿಗೂ ತಲುಪತೊಡಗಿತು. ಬಳಸುವವರಲ್ಲಿ ಬಹುಮಂದಿಗೆ ಅಂತಹದೊಂದು ಅಪಾಯವಿತ್ತು ಎಂಬ ಸುದ್ದಿಯೂ ತಿಳಿದಿರಲಾರದು. ಪ್ರತಿಯೊಬ್ಬರೂ ಸುದ್ದಿ ಓದಿ, ಬಿಡುವು ಮಾಡಿಕೊಂಡು, ಕೈಯಾರೆ ಹೊಸದನ್ನು ಹಾಕಿಕೊಳ್ಳಬೇಕಾಗಿದ್ದರೆ ಎಷ್ಟು ತಿಂಗಳು ಹಿಡಿಯುತ್ತಿತ್ತೋ!

ಕೊಳೆರೋಗಕ್ಕೆ ಔಷಧಿ ಹೊಡೆಯುವ ಪದ್ಧತಿಯನ್ನು 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಡಾ. ಕೋಲ್‌ಮನ್ ಅವರು ಬಳಕೆಗೆ ತಂದ ಮೇಲೆ ನಾವೆಲ್ಲ ಕಲಿತ ಪಾಠ, ಔಷಧಿ ಮಳೆ ಹಿಡಿಯುವ ಮೊದಲೇ ಗೊನೆಯ ಮೇಲಿರಬೇಕು ಎಂಬುದು. ಕಾಯಿ ಉದುರತೊಡಗಿದ ಮೇಲೆ ಕೊನೆಗಾರನನ್ನು ಹುಡುಕಿಕೊಂಡು ಹೋದರೆ ಸಿಗುವುದು ಉಳಿದಷ್ಟು ಮಾತ್ರ. ಬಿರುಕಿನ ಸುದ್ದಿ ಹೊರಬಿದ್ದ ಗಳಿಗೆಯಿಂದ ಕಳ್ಳರಿಗೂ ಅದು ಗೊತ್ತಾಗಿರುತ್ತದೆ. ಅವರಿಗಿಂತ ಮೊದಲು ಅಪ್‌ಡೇಟ್ ಬಂದಿರಬೇಕು.

ಕ್ರೋಮ್ ಬ್ರೌಸರು ತೆರೆದಿರುವಾಗ ಕೆಲವು ಗಂಟೆಗಳಿಗೊಮ್ಮೆ ಎಕ್ಸ್‌ಟೆನ್ಷನ್‌ಗಳ ಹೊಸ ಆವೃತ್ತಿ ಬಂದಿದೆಯೇ ಎಂದು ತಾನೇ ವಿಚಾರಿಸುತ್ತದೆ. ಸಾಮಾನ್ಯ ಬಳಕೆದಾರರು ಇದನ್ನು ನಿಲ್ಲಿಸುವ ಗುಂಡಿಯೇ ಅದರಲ್ಲಿ ಇಲ್ಲ. ಫೈರ್‌ಫಾಕ್ಸ್ ದಿನಕ್ಕೊಮ್ಮೆ ವಿಚಾರಿಸುತ್ತದೆ. ಇದರಲ್ಲಿ ನಿಲ್ಲಿಸಲು ಅವಕಾಶವಿದೆ, ಯಾರೋ ನಿಲ್ಲಿಸಿಟ್ಟು ಮರೆತಿರುವುದೂ ಉಂಟು. ಆಡ್-ಆನ್‌ಗಳ ಪುಟ ತೆರೆದು ಮೇಲಿರುವ ಹಲ್ಲಿನ ಚಕ್ರದ ಗುರುತನ್ನು ಒತ್ತಿದರೆ, ತಾನಾಗಿ ಅಪ್‌ಡೇಟ್ ಮಾಡುವ ಸಾಲಿನ ಮುಂದೆ ಟಿಕ್ ಗುರುತು ಇದೆಯೇ ಎಂದು ಕಾಣುತ್ತದೆ. ಇಲ್ಲದಿದ್ದರೆ ಹಾಕಿಬಿಡಿ.

ಮಲೆನಾಡಿನವರಿಗೆ ಇಲ್ಲಿ ಒಂದು ತೊಡಕು ಇದೆ, ಬೆಂಗಳೂರಿನ ಮಕ್ಕಳಿಗೆ ಇದು ಹೊಳೆಯುವುದಿಲ್ಲ. ಆಷಾಢದ ಮಳೆಗೆ ಕಂಬ ಬಿದ್ದು ಕರೆಂಟು ಹೋಯಿತೆಂದರೆ ನಮ್ಮಲ್ಲಿ ಕಂಪ್ಯೂಟರು ವಾರಗಟ್ಟಲೆ ಮುಚ್ಚಿಯೇ ಇರುತ್ತದೆ. ಮುಚ್ಚಿದ ಕಂಪ್ಯೂಟರಿಗೆ ಅಪ್‌ಡೇಟ್ ಬರುವುದಿಲ್ಲ. ಕರೆಂಟು ಬಂದೊಡನೆ ನಾವು ಮೊದಲು ಮಾಡುವ ಕೆಲಸವೇ ಬ್ಯಾಂಕಿನ ಪುಟ ತೆರೆಯುವುದು! ಹಾಗೆ ಮಾಡಬಾರದು. ಕ್ರೋಮಿನ ಮೂಲೆಯ ಮೂರು ಚುಕ್ಕಿ ಒತ್ತಿ, ಎಕ್ಸ್‌ಟೆನ್ಷನ್ಸ್ ಎಂಬಲ್ಲಿ ಮ್ಯಾನೇಜ್ ಎಕ್ಸ್‌ಟೆನ್ಷನ್ಸ್ ಪುಟಕ್ಕೆ ಹೋಗಿ, ಬಲಗಡೆಯ ಡೆವಲಪರ್ ಮೋಡ್ ಎಂಬುದನ್ನು ಚಾಲೂ ಮಾಡಿದರೆ ಅಪ್‌ಡೇಟ್ ಎಂಬ ಗುಂಡಿ ಕಾಣಿಸುತ್ತದೆ. ಅದನ್ನು ಒಮ್ಮೆ ಒತ್ತಿ, ಕೆಲಸವಾದ ಮೇಲೆ ಡೆವಲಪರ್ ಮೋಡನ್ನು ಮತ್ತೆ ಮುಚ್ಚಿ, ಬ್ರೌಸರನ್ನು ಮುಚ್ಚಿ ತೆರೆದು, ಆಮೇಲೆ ಬ್ಯಾಂಕಿಗೆ ಹೋಗಿರಿ. ಎಡ್ಜ್‌ನಲ್ಲಿಯೂ ಕ್ರಮ ಇದೇ. ಎಕ್ಸ್‌ಟೆನ್ಷನ್ನಿನ ಗಾತ್ರ ಸಾಮಾನ್ಯವಾಗಿ ಕೆಲವೇ ಎಂ.ಬಿ. ಇರುವುದರಿಂದ ನಮ್ಮ ಕಡೆಯ ನಿಧಾನದ ನೆಟ್‌ವರ್ಕಿಗೂ ಇದು ಭಾರವಲ್ಲ.

ಅದೇ ದಾರಿಯಲ್ಲಿ ವಿಷವೂ ಬರಬಹುದು

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅಪ್‌ಡೇಟನ್ನು ನಿಲ್ಲಿಸಬೇಕೆನ್ನುವ ಸದಸ್ಯರ ಅಂಜಿಕೆಗೆ ಆಧಾರವಿಲ್ಲದೆ ಇಲ್ಲ.

ದಿ ಗ್ರೇಟ್ ಸಸ್ಪೆಂಡರ್ ಎಂಬ ಒಂದು ಎಕ್ಸ್‌ಟೆನ್ಷನ್ ಇತ್ತು. ಬಳಸದೆ ತೆರೆದಿಟ್ಟ ಪುಟಗಳನ್ನು ಮಲಗಿಸಿ ಕಂಪ್ಯೂಟರಿನ ಭಾರ ಇಳಿಸುವುದು ಅದರ ಕೆಲಸ. 20 ಲಕ್ಷಕ್ಕೂ ಮಿಕ್ಕಿ ಜನ ನಂಬಿದ್ದರು. 2020ರಲ್ಲಿ ಅದನ್ನು ಬರೆದಾತ ಬೇರೆ ಯಾರಿಗೋ ಮಾರಿದ. ಕೊಂಡವರು ಯಾರೆಂಬುದು ಬಳಕೆದಾರರಿಗೆ ತಿಳಿಯಲಿಲ್ಲ. ಹೆಸರೂ ಚಿತ್ರವೂ ಹಳೆಯವೇ ಉಳಿದವು, ಒಳಗಿನ ಸರಕು ಬದಲಾಯಿತು. ಅನುಮಾನಗಳೆದ್ದು, 2021ರ ಫೆಬ್ರವರಿಯಲ್ಲಿ ಗೂಗಲ್‌ನವರು ಅದರಲ್ಲಿ ಕೇಡಿನ ಅಂಶವಿದೆಯೆಂದು ತಮ್ಮ ಅಂಗಡಿಯಿಂದ ತೆಗೆದುಹಾಕಿ, ಎಲ್ಲರ ಬ್ರೌಸರಿನಲ್ಲೂ ನಿಷ್ಕ್ರಿಯಗೊಳಿಸಿದರು. ಮಲಗಿಸಿಟ್ಟಿದ್ದ ಪುಟಗಳು ಅನೇಕರಿಗೆ ಒಮ್ಮೆಲೇ ಕಾಣದಾದವು. ತೋಟ ಮಾರಾಟವಾದರೆ ಊರಿಗೆಲ್ಲ ತಿಳಿಯುತ್ತದೆ, ನೋಂದಣಿ ಕಚೇರಿಯಲ್ಲಿ ದಾಖಲಾಗುತ್ತದೆ. ಎಕ್ಸ್‌ಟೆನ್ಷನ್ ಮಾರಾಟವಾದರೆ ನಮಗೆ ನೋಟೀಸು ಕೊಡುವವರಿಲ್ಲ. ಈ ವ್ಯವಸ್ಥೆ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಪ್ರಕರಣ ಇನ್ನೂ ಹತ್ತಿರದ್ದು. 2024ರ ಡಿಸೆಂಬರ್ 24ರಂದು ಸೈಬರ್‌ಹೇವನ್ ಎಂಬ ಅಮೆರಿಕದ ಭದ್ರತಾ ಕಂಪನಿಯ ನೌಕರರೊಬ್ಬರಿಗೆ ಗೂಗಲ್‌ನವರೇ ಕಳಿಸಿದಂತೆ ಕಾಣುವ ಮೋಸದ ಇ-ಮೇಲ್ ಬಂತು. ಅವರು ಅದನ್ನು ನಂಬಿ ಒಪ್ಪಿಗೆ ಒತ್ತಿದರು. ಅದರಿಂದ ಕಂಪನಿಯ ಎಕ್ಸ್‌ಟೆನ್ಷನ್ನನ್ನು ಅಂಗಡಿಗೆ ಏರಿಸುವ ಅಧಿಕಾರ ಕಳ್ಳರಿಗೆ ಸಿಕ್ಕಿತು. ಕ್ರಿಸ್‌ಮಸ್ ದಿನ ಅವರು 24.10.4 ಎಂಬ ಕೆಟ್ಟ ಆವೃತ್ತಿಯನ್ನು ಏರಿಸಿದರು. ಸುಮಾರು 4 ಲಕ್ಷ ಬಳಕೆದಾರರಿದ್ದ ಆ ಎಕ್ಸ್‌ಟೆನ್ಷನ್ನಿನ ಕೆಟ್ಟ ಆವೃತ್ತಿ, ಆ ಅವಧಿಯಲ್ಲಿ ತಾನಾಗಿ ಅಪ್‌ಡೇಟ್ ಆದ ಬ್ರೌಸರುಗಳಿಗೆ ಹೋಯಿತು. ಮುಖ್ಯವಾಗಿ ಫೇಸ್‌ಬುಕ್ಕಿನ ಜಾಹೀರಾತು ಖಾತೆಗಳನ್ನು ಕದಿಯುವುದು ಅದರ ಉದ್ದೇಶವಾಗಿತ್ತು. ಅದೇ ಜಾಡಿನಲ್ಲಿ ಇನ್ನೂ ಹಲವಾರು ಎಕ್ಸ್‌ಟೆನ್ಷನ್‌ಗಳು ಕೆಟ್ಟಿದ್ದವೆಂದು ಆಮೇಲೆ ಹೊರಬಿತ್ತು. ಭದ್ರತೆಯನ್ನೇ ಮಾರುವ ಕಂಪನಿಗೆ ಈ ಗತಿಯಾದರೆ ವಿಡಿಯೊ ಇಳಿಸುವ ಪುಕ್ಕಟೆ ಎಕ್ಸ್‌ಟೆನ್ಷನ್ನಿನ ಪಾಡೇನು?

ಆದರೆ ಮುಂದೆ ನಡೆದುದನ್ನೂ ಗಮನಿಸಬೇಕು. ಮೋಸ ಗೊತ್ತಾದ ಒಂದು ಗಂಟೆಯೊಳಗೆ ಕಂಪನಿಯವರು ಕೆಟ್ಟ ಆವೃತ್ತಿಯನ್ನು ತೆಗೆಸಿ, 24.10.5 ಎಂಬ ಸರಿಯಾದ ಆವೃತ್ತಿಯನ್ನು ಬಿಟ್ಟರು. ಅದೂ ಬಂದುದು ಅದೇ ದಾರಿಯಲ್ಲಿ, ತಾನಾಗಿ. ಹಳೆಯದನ್ನೇ ಹಿಡಿದು ಕುಳಿತವನು ಆ ಒಂದು ದಿನ ಬಚಾವಾದನೆಂದೇ ಇಟ್ಟುಕೊಳ್ಳೋಣ. ಉಳಿದ 364 ದಿನ ಅವನು ತಿಳಿದೂ ತಿಳಿದೂ ಹಳೆಯ ಬಿರುಕುಗಳೊಂದಿಗೆ ಇರಬೇಕಾಗುತ್ತದೆ. ಆದ್ದರಿಂದ ದಾರಿಯನ್ನು ಮುಚ್ಚುವುದು ಉಪಾಯವಲ್ಲ. ಆ ದಾರಿಯಲ್ಲಿ ಓಡಾಡುವವರ ಸಂಖ್ಯೆಯನ್ನು ಕಡಿಮೆ ಮಾಡುವುದು ಉಪಾಯ.

ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಮೇಲೆ ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ ನೋಡುವ ಕ್ರಮ ನಮಗೆಲ್ಲ ಗೊತ್ತು. ಕೆಂಪು ಹತ್ತಿದರೆ ಸುಣ್ಣ ಸಾಲದು. ಎಕ್ಸ್‌ಟೆನ್ಷನ್‌ಗಳಿಗೂ ಇಂತಹ ಒಂದೆರಡು ಪರೀಕ್ಷೆಗಳಿವೆ. ಅಪ್‌ಡೇಟ್ ಆಗುವಾಗ ಒಂದು ಎಕ್ಸ್‌ಟೆನ್ಷನ್ ಮೊದಲಿಲ್ಲದ ಹೊಸ ದೊಡ್ಡ ಅಪ್ಪಣೆಯನ್ನು ಬೇಡಿದರೆ, ಕ್ರೋಮ್ ಅದನ್ನು ತಡೆದು ನಿಲ್ಲಿಸಿ ನಿಮ್ಮನ್ನು ಕೇಳುತ್ತದೆ. ಫೈರ್‌ಫಾಕ್ಸ್ ನೀವು ಒಪ್ಪುವವರೆಗೆ ಹಳೆಯದನ್ನೇ ಇಟ್ಟುಕೊಂಡಿರುತ್ತದೆ. ಅಂತಹ ಪ್ರಶ್ನೆ ಬಂದಾಗ ಕಿರಿಕಿರಿ ತಪ್ಪಲೆಂದು ಹೂಂ ಎನ್ನುವವರೇ ಹೆಚ್ಚು. ಅಲ್ಲಿಯೇ ನಿಲ್ಲಬೇಕು. ಕನ್ನಡ ಅಕ್ಷರ ಮೂಡಿಸುವ ಎಕ್ಸ್‌ಟೆನ್ಷನ್ನಿಗೆ ಇದ್ದಕ್ಕಿದ್ದಂತೆ ನಿಮ್ಮ ಡೌನ್‌ಲೋಡುಗಳ ಮೇಲೇಕೆ ಕಣ್ಣು ಎಂದು ಕೇಳಿಕೊಂಡು, ಉತ್ತರ ಹೊಳೆಯದಿದ್ದರೆ ತೆಗೆದುಹಾಕಬೇಕು. ಇನ್ನೊಂದು, ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಸೇಫ್ಟಿ ಚೆಕ್ ಎಂಬುದಿದೆ. ಹಾಕಿಕೊಂಡ ಎಕ್ಸ್‌ಟೆನ್ಷನ್ ಅಂಗಡಿಯಿಂದ ಕಾಣೆಯಾಗಿದ್ದರೆ 2023ರಿಂದೀಚೆಗೆ ಅಲ್ಲಿ ತಿಳಿಸುತ್ತಾರೆ. ಅಂಗಡಿಯಲ್ಲೇ ಇಲ್ಲದ್ದಕ್ಕೆ ಅಪ್‌ಡೇಟ್ ಎಲ್ಲಿಂದ ಬರಬೇಕು? ಮೇಲೆ ಹೇಳಿದ ಮೊಮ್ಮಗನ ಎಕ್ಸ್‌ಟೆನ್ಷನ್ ಇದೇ ಬಗೆಯದು.

ಎಷ್ಟಿರಬೇಕು ಎಂದು ಕೇಳಿದರೆ, ತೋಟದ ಲೆಕ್ಕ ನೋಡುವ ಕಂಪ್ಯೂಟರಿಗೆ ಎರಡು ಮೂರು ಸಾಕು ಎನ್ನುತ್ತೇವೆ. ಬ್ಯಾಂಕಿನ ಕೆಲಸಕ್ಕೆಂದೇ ಏನೂ ಹಾಕದ ಇನ್ನೊಂದು ಬ್ರೌಸರನ್ನು ಇಟ್ಟುಕೊಳ್ಳುವುದು ಇನ್ನೂ ಉತ್ತಮ. ಕಂಪ್ಯೂಟರಿನಲ್ಲಿ ಕ್ರೋಮ್, ಎಡ್ಜ್ ಎರಡೂ ಇದ್ದರೆ ಒಂದನ್ನು ಮೊಮ್ಮಕ್ಕಳಿಗೆ ಬಿಟ್ಟು ಇನ್ನೊಂದನ್ನು ಬ್ಯಾಂಕಿಗೆ ಇಟ್ಟುಕೊಂಡರೆ ಮನೆಯಲ್ಲಿ ಜಗಳವೂ ಇಲ್ಲ, ಖರ್ಚೂ ಇಲ್ಲ. ರಾಜಾಜಿನಗರ, ವಿಜಯನಗರದ ಜೆರಾಕ್ಸ್ ಅಂಗಡಿಗಳಲ್ಲಿ ಪಹಣಿ ಮುದ್ರಿಸಲು ಹೋದಾಗ ಅಲ್ಲಿನ ಬ್ರೌಸರಿನಲ್ಲಿ ನಿಮ್ಮ ಗೂಗಲ್ ಖಾತೆ ತೆರೆದು ಹಾಗೆಯೇ ಎದ್ದು ಬರುವುದು ಬೇಡ. ನೆಂಟರ ಮನೆಯಲ್ಲಿಯೂ ಅಷ್ಟೇ. ಒಂದೇ ಖಾತೆಯಲ್ಲಿ ಸಿಂಕ್ ಚಾಲೂ ಇದ್ದರೆ ಅಲ್ಲಿ ಹಾಕಿದ್ದು ಇಲ್ಲಿಗೂ ಬರುತ್ತದೆ.

ಹಳೆಯ ಕಂಪ್ಯೂಟರುಗಳ ಪಾಡು

ಮಗ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದು ಕೆಂಗೇರಿಯಿಂದ ಬಸ್ಸಿನಲ್ಲಿ ತೋಟಕ್ಕೆ ಬರುತ್ತದೆ. ಇದು ನಮ್ಮಲ್ಲಿನ ರೂಢಿ. ಅದರಲ್ಲಿ ವಿಂಡೋಸ್ 7 ಇದ್ದರೆ, ಕ್ರೋಮ್ 109ನೆಯ ಆವೃತ್ತಿಯೇ ಅದಕ್ಕೆ ಕಡೆಯದು. 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಮುಂದಿನವು ಅದರಲ್ಲಿ ಓಡುವುದಿಲ್ಲ. ಬ್ರೌಸರು ಹಳೆಯದಾದರೆ ಎಕ್ಸ್‌ಟೆನ್ಷನ್‌ಗಳೂ ಅಲ್ಲೇ ನಿಲ್ಲುತ್ತವೆ. ಏಕೆಂದರೆ ಹೊಸ ಆವೃತ್ತಿಗೆ ಹೊಸ ಬ್ರೌಸರೇ ಬೇಕೆಂದು ಬರೆದವರು ಗೊತ್ತುಪಡಿಸಿದ್ದರೆ ಹಳೆಯದಕ್ಕೆ ಅಪ್‌ಡೇಟ್ ಬರುವುದೇ ಇಲ್ಲ, ಬರಲಿಲ್ಲವೆಂದು ಯಾರೂ ಹೇಳುವುದೂ ಇಲ್ಲ. ಫೈರ್‌ಫಾಕ್ಸಿನವರಿಗೆ ಇದು ಇನ್ನೊಂದು ರೀತಿಯಲ್ಲಿ ಅನುಭವಕ್ಕೆ ಬಂದಿದೆ. 2019ರ ಮೇ 4ರಂದು ಆಡ್-ಆನ್‌ಗಳಿಗೆ ಮುದ್ರೆ ಒತ್ತುವ ಒಂದು ಪ್ರಮಾಣಪತ್ರದ ಅವಧಿ ಮುಗಿದು, ಲೋಕದಲ್ಲೆಲ್ಲ ಫೈರ್‌ಫಾಕ್ಸಿನ ಆಡ್-ಆನ್‌ಗಳು ಕೆಲಸ ನಿಲ್ಲಿಸಿದವು. ಅದು ಮೊಝಿಲ್ಲಾದವರದೇ ಲೋಪ. ಅವರು ಒಪ್ಪಿಕೊಂಡು ತುರ್ತಾಗಿ ಸರಿಪಡಿಸಿದರು. 2025ರ ಮಾರ್ಚ್ 14ರಂದು ಇನ್ನೊಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯುವುದಿದ್ದಾಗ ಮಾತ್ರ, 128ಕ್ಕಿಂತ ಹಳೆಯ ಫೈರ್‌ಫಾಕ್ಸ್ ಇರುವವರು ಬ್ರೌಸರನ್ನೇ ಅಪ್‌ಡೇಟ್ ಮಾಡಿಕೊಳ್ಳಬೇಕೆಂದು ಮೊದಲೇ ಎಚ್ಚರಿಸಿದ್ದರು. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಮಾಮೂಲಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಮಳೆಯ ಅಳತೆ ಬರೆದಿಡಿ, ಫೋಟೊ ತುಂಬಿಡಿ; ಹಣದ ವ್ಯವಹಾರ ಬೇಡ.

ಡಿಜಿಟಲ್ ಸಹಿ ಬಳಸುವ ಸದಸ್ಯರಿಗೆ ಒಂದು ಮಾತು. ಸಹಿಯ ಕೆಲಸಕ್ಕೆ ಎಷ್ಟೋ ಕಡೆ ಬ್ರೌಸರಿನೊಳಗೆ ಒಂದು ಎಕ್ಸ್‌ಟೆನ್ಷನ್, ಕಂಪ್ಯೂಟರಿನಲ್ಲಿ ಅದರ ಜೊತೆಗಾರ ತಂತ್ರಾಂಶ ಎಂದು ಎರಡು ಭಾಗಗಳಿರುತ್ತವೆ. ಮೊದಲನೆಯದು ತಾನಾಗಿ ಅಪ್‌ಡೇಟ್ ಆಗುತ್ತದೆ, ಎರಡನೆಯದು ಅನೇಕ ವೇಳೆ ಆಗುವುದಿಲ್ಲ. ನಿನ್ನೆ ಆಗುತ್ತಿದ್ದ ಸಹಿ ಇಂದು ಆಗದಿದ್ದರೆ, ಟೋಕನ್ ಕೆಟ್ಟಿತೆಂದು ಹೊಸದಕ್ಕೆ ಹಣ ಕಟ್ಟುವ ಮೊದಲು ಆ ಜೊತೆಗಾರನ ಹೊಸ ಆವೃತ್ತಿಯನ್ನು ಸಂಬಂಧಪಟ್ಟ ಜಾಲತಾಣದಿಂದಲೇ ಹಾಕಿಕೊಂಡು ನೋಡಿರಿ.

ಖಾತೆಯಿಂದ ಹಣ ಹೋಗಿದೆ ಎಂದು ತಿಳಿದರೆ ಮಗನಿಗೆ ಫೋನ್ ಮಾಡುವುದಕ್ಕಿಂತ ಮೊದಲು 1930ಕ್ಕೆ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವ ಹೆಚ್ಚು. ಅನಂತರ ಬ್ಯಾಂಕಿಗೆ, ಅನಂತರ ಮಕ್ಕಳಿಗೆ. ಪಾಸ್‌ವರ್ಡುಗಳನ್ನು ಬದಲಿಸುವುದಾದರೆ ಅನುಮಾನದ ಎಕ್ಸ್‌ಟೆನ್ಷನ್ನನ್ನು ತೆಗೆದ ಮೇಲೆ, ಸಾಧ್ಯವಾದರೆ ಬೇರೆ ಕಂಪ್ಯೂಟರಿನಿಂದ ಬದಲಿಸಬೇಕು; ಇಲ್ಲವಾದರೆ ಹೊಸದೂ ಅದರ ಕಣ್ಣಿಗೆ ಬಿದ್ದಂತೆಯೇ.

ಬೆಂಗಳೂರಿನ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಸದಸ್ಯರು ಈ ಪುಟವನ್ನು ಅವರ ಕೈಗೆ ಕೊಟ್ಟು, ಎರಡೂ ಮನೆಗಳ ಕಂಪ್ಯೂಟರುಗಳಲ್ಲಿ ಯಾವ ಯಾವ ಎಕ್ಸ್‌ಟೆನ್ಷನ್ ಇದೆ, ಯಾರು ಹಾಕಿದ್ದು, ಏತಕ್ಕೆ ಎಂದು ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಏತಕ್ಕೆ ಎಂಬ ಅಂಕಣ ಖಾಲಿ ಉಳಿದರೆ ಅದನ್ನು ಅಂದೇ ತೆಗೆಸಿರಿ. ಹಾಳೆಯನ್ನು ಸಂಘದ ಕಚೇರಿಗೆ ತಂದವರಿಗೆ ನಮ್ಮ ಗುಮಾಸ್ತರು ಸಂತೆಯ ದಿನ ಮಧ್ಯಾಹ್ನದ ಮೇಲೆ ಕುಳಿತು ನೋಡಿಕೊಡುತ್ತಾರೆ. ಪಾಸ್‌ವರ್ಡು ಬರೆದ ಚೀಟಿಯನ್ನು ಮಾತ್ರ ದಯವಿಟ್ಟು ತರಬೇಡಿ.